ಬೇಸತ್ತು ವಿಂಡೋಸ್ ಬಿಡುವ ಮುನ್ನ: ನುಡಿ ಕಡತ, ಪ್ರಿಂಟರ್ ಮತ್ತು ಹೊಸ ಲ್ಯಾಪ್‌ಟಾಪ್

ಪ್ರಶ್ನೆ: ಜಮಖಂಡಿಯಲ್ಲಿ ತಹಶೀಲ್ದಾರ್ ಕಚೇರಿಯ ಸಮೀಪ ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಅರ್ಜಿ, ಅಫಿಡವಿಟ್, ಕರಾರು ಪತ್ರಗಳನ್ನು ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುವುದು, ಉತಾರ (ಪಹಣಿ) ತೆಗೆದುಕೊಡುವುದು, ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವುದು ನನ್ನ ಕೆಲಸ. ಇಬ್ಬರು ವ್ಯಾಪಾರಸ್ಥರ ಟ್ಯಾಲಿ ಲೆಕ್ಕವನ್ನೂ ನೋಡುತ್ತೇನೆ. ನನ್ನ ಲ್ಯಾಪ್‌ಟಾಪ್ 2018ರದು: ಏಳನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಆನ್ ಮಾಡಿದರೆ ಕೆಲಸಕ್ಕೆ ಸಿದ್ಧವಾಗಲು ಬಹಳ ಹೊತ್ತು ಬೇಕು. ಗಿರಾಕಿಗಳು ನಿಂತಿರುವಾಗಲೇ ಅಪ್‌ಡೇಟ್ ಶುರುವಾಗುತ್ತದೆ. ಈಗ ವಿಂಡೋಸ್ 11 ಇದರಲ್ಲಿ ನಡೆಯದು ಎಂಬ ಸಂದೇಶವೂ ಬಂದಿದೆ. ಬೇಸತ್ತು ಹೋಗಿದ್ದೇನೆ. ವಿಂಡೋಸ್ ಪೂರ್ತಿ ಬಿಟ್ಟು, ಲಿನಕ್ಸ್ ಎಂಬ ಬೇರೆ ಕಾರ್ಯಾಚರಣೆ ವ್ಯವಸ್ಥೆ ಹಾಕಿದ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೆಂದಿದ್ದೇನೆ. ಇದು ಸರಿಯೇ? ಎಂಥದ್ದನ್ನು ಕೊಳ್ಳಲಿ?

ಉತ್ತರ: ನಿಮ್ಮ ಬೇಸರಕ್ಕೆ ಕಾರಣವಿದೆ. ಆದರೆ ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದಾಗಿ ಸೇರಿಕೊಂಡಿವೆ, ಮತ್ತು ಒಂದೊಂದಕ್ಕೂ ಪರಿಹಾರ ಬೇರೆಯೇ ಇದೆ. ಅವುಗಳನ್ನು ಬಿಡಿಸಿ ನೋಡದೆ ಯಂತ್ರವನ್ನೂ ಕಾರ್ಯಾಚರಣೆ ವ್ಯವಸ್ಥೆಯನ್ನೂ ಒಂದೇ ದಿನ ಬದಲಾಯಿಸಿದರೆ, ಅಂಗಡಿಯ ಕೆಲಸ ನಿಂತಾಗ ದೋಷ ಎಲ್ಲಿದೆ ಎಂಬುದೇ ನಿಮಗೆ ತಿಳಿಯದೆ ಹೋಗುತ್ತದೆ.

ಮೊದಲನೆಯದು ನಿಧಾನಗತಿ. ಇದಕ್ಕೆ ವಿಂಡೋಸ್‌ಗಿಂತ ಹೆಚ್ಚಿನ ಹೊಣೆ ನಿಮ್ಮ ಹಾರ್ಡ್‌ಡಿಸ್ಕ್‌ನದು. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್. ಅದರಲ್ಲಿ ಒಂದೊಂದು ಸಣ್ಣ ಕಡತವನ್ನು ಓದಲೂ ಮುಳ್ಳು ಜಾಗ ಹುಡುಕಿಕೊಂಡು ಸರಿದಾಡಬೇಕು. ಮೇಲಾಗಿ 4 ಜಿಬಿ ರ‍್ಯಾಮ್ ಬ್ರೌಸರ್ ಒಂದಕ್ಕೇ ತುಂಬಿಹೋಗುತ್ತದೆ, ಆಗ ವಿಂಡೋಸ್ ಅದೇ ನಿಧಾನದ ಡಿಸ್ಕ್‌ನ ಒಂದು ಭಾಗವನ್ನು ರ‍್ಯಾಮ್‌ನಂತೆ ಬಳಸತೊಡಗುತ್ತದೆ. ಡಿಸ್ಕ್‌ನ ಜಾಗದಲ್ಲಿ ತಿರುಗುವ ಭಾಗಗಳಿಲ್ಲದ, ವೇಗದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಸ್ಲಾಟ್ ಇದ್ದರೆ ರ‍್ಯಾಮನ್ನು 8 ಜಿಬಿಗೆ ಏರಿಸಿದರೆ ಇದೇ ಯಂತ್ರ ಇನ್ನೂ ಕೆಲವು ವರ್ಷ ನೆಮ್ಮದಿಯಿಂದ ದುಡಿಯುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರಿದೆ. ಆದರೂ ಹೊಸ ಲ್ಯಾಪ್‌ಟಾಪ್‌ಗೆ ಹೋಲಿಸಿದರೆ ಇದು ಸಣ್ಣ ಖರ್ಚೇ.

ಎರಡನೆಯದಾದ ಅಪ್‌ಡೇಟ್ ಕಾಟಕ್ಕೆ ಸೆಟ್ಟಿಂಗ್ಸ್‌ನಲ್ಲಿಯೇ ಮದ್ದು ಇದೆ. ‘ಆ್ಯಕ್ಟಿವ್ ಅವರ್ಸ್’ ಎಂಬಲ್ಲಿ ಅಂಗಡಿಯ ವೇಳೆಯನ್ನು ನಮೂದಿಸಿದರೆ, ಆ ಅವಧಿಯಲ್ಲಿ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಗರಿಷ್ಠ 18 ಗಂಟೆಯ ಅವಧಿಯನ್ನು ಹೀಗೆ ಕಾಯ್ದಿರಿಸಬಹುದು.

ಮೂರನೆಯದೇ ನಿಜವಾಗಿ ಗಂಭೀರವಾದದ್ದು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಅಂದಿನಿಂದ ಯಂತ್ರ ನಿಲ್ಲುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಬಿರುಕುಗಳಿಗೆ ತೇಪೆ ಬರುವುದಿಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಮೈಕ್ರೋಸಾಫ್ಟ್ ಖಾತೆಯ ಮೂಲಕ ಹೆಸರು ನೋಂದಾಯಿಸಿಕೊಂಡ ವೈಯಕ್ತಿಕ ಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ಗಡುವು ಕೊಡಲಾಗಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಪ್ರೊಸೆಸರ್ ಬಹುಮಟ್ಟಿಗೆ ಎಂಟನೇ ಪೀಳಿಗೆ ಅಥವಾ ನಂತರದ್ದಾಗಿರಬೇಕು, ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಇರಬೇಕು. ಈ ತಪಾಸಣೆಯನ್ನು ತಪ್ಪಿಸಿ 11ನ್ನು ಹಾಕಿಕೊಡುವವರು ಊರೂರಲ್ಲಿ ಸಿಗುತ್ತಾರೆ. ನಿಮಗೆ ಅದು ಬೇಡವೆಂದೇ ನಾನು ಹೇಳುತ್ತೇನೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಊರಿನ ಜನರ ಆಧಾರ್ ಪ್ರತಿ, ಹೊಲದ ಕಾಗದ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್ ಇವೆ. ಅವುಗಳ ಕಾವಲು ನಿಮ್ಮ ಹೊಣೆ. ಅಧಿಕೃತವಲ್ಲದ ವ್ಯವಸ್ಥೆಗೆ ಅಪ್‌ಡೇಟ್ ಮುಂದುವರಿಯುತ್ತದೆಂಬ ಖಾತರಿ ಯಾರೂ ಕೊಡುವುದಿಲ್ಲ.

ಹಾಗಾದರೆ ಲಿನಕ್ಸ್? ನಿಮ್ಮ ಕೆಲಸಗಳನ್ನು ಒಂದೊಂದಾಗಿ ಮುಂದಿಟ್ಟು ನೋಡಿದರೆ ಉತ್ತರ ತಾನೇ ಬರುತ್ತದೆ. ಉತಾರ ತೆಗೆಯುವುದು, ಆನ್‌ಲೈನ್ ಅರ್ಜಿ ತುಂಬುವುದು ಬ್ರೌಸರ್‌ನಲ್ಲಿ ನಡೆಯುವ ಕೆಲಸಗಳಾದ್ದರಿಂದ ಲಿನಕ್ಸ್‌ನಲ್ಲಿಯೂ ಬಹುತೇಕ ಹಾಗೆಯೇ ನಡೆಯುತ್ತವೆ. ಬೆರಳಚ್ಚು ಯಂತ್ರ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಮಾತ್ರ, ಆ ಮಾದರಿಗೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ತಯಾರಕರ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ. ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಪೇಜ್‌ಮೇಕರ್‌ಗೂ ಕೋರೆಲ್‌ಡ್ರಾಗೂ ಲಿನಕ್ಸ್ ಆವೃತ್ತಿ ಇಲ್ಲ. ವೈನ್ ಎಂಬ ತಂತ್ರಾಂಶದ ಆಸರೆಯಲ್ಲಿ ಕೆಲವು ವಿಂಡೋಸ್ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನಡೆಯುತ್ತವೆ ನಿಜ, ಆದರೆ ಬೇರೊಬ್ಬರ ಲೆಕ್ಕಪತ್ರವನ್ನು ಅಂತಹ ಏರ್ಪಾಡಿನ ಮೇಲೆ ನಿಲ್ಲಿಸುವುದು ತರವಲ್ಲ.

ನುಡಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದ ಟೈಪಿಂಗ್ ಅಂಗಡಿಗಳು ಮುಗ್ಗರಿಸುವುದು ಇಲ್ಲಿಯೇ. ನಿಮ್ಮ ಹಳೆಯ ಕಡತಗಳು ‘ನುಡಿ 01 ಇ’ಯಂತಹ ಫಾಂಟ್‌ನಲ್ಲಿದ್ದರೆ, ಕಂಪ್ಯೂಟರಿನ ಲೆಕ್ಕದಲ್ಲಿ ಅವು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂಡಿಸಿ ಮಾಡಿದ ಏರ್ಪಾಡು ಅದು. ಫಾಂಟ್ ತೆಗೆದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಗೊಂದಲ ಮಾತ್ರ ಉಳಿಯುತ್ತದೆ. ಸರ್ಕಾರಿ ಜಾಲತಾಣದ ಅರ್ಜಿಯಲ್ಲಿ ನುಡಿಯ ಹಳೆಯ ಪಠ್ಯವನ್ನು ಅಂಟಿಸಿದಾಗ ಅದು ಕೆಟ್ಟು ಕಾಣುವುದು ಇದರಿಂದಲೇ, ಏಕೆಂದರೆ ಜಾಲತಾಣಗಳಿಗೆ ತಿಳಿಯುವುದು ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಸಾರ್ವತ್ರಿಕ ಪದ್ಧತಿ. ಆದ್ದರಿಂದ ನೀವು ವಿಂಡೋಸ್‌ನಲ್ಲಿಯೇ ಉಳಿದರೂ ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲಿಯೇ ಇರಲಿ. ನುಡಿಯ ಹೊಸ ಆವೃತ್ತಿಯಲ್ಲಿ ಅದಕ್ಕೆ ಅವಕಾಶವಿದೆ.

ಲಿನಕ್ಸ್‌ನಲ್ಲಿ ನುಡಿ ತಂತ್ರಾಂಶ ಬೇಕಾಗುವುದೇ ಇಲ್ಲ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸವನ್ನು ಆರಿಸಿಕೊಂಡರೆ, ನುಡಿಯಲ್ಲಿ ಪಳಗಿದ ಬೆರಳುಗಳು ಹೆಚ್ಚು ತಡವರಿಸದೆ ಟೈಪ್ ಮಾಡುತ್ತವೆ. ಹಳೆಯ ಕಡತಗಳನ್ನು ನೋಡಲು ಮತ್ತು ಮುದ್ರಿಸಲು ನುಡಿಯ ಫಾಂಟ್ ಕಡತಗಳನ್ನು ಹೊಸ ವ್ಯವಸ್ಥೆಗೆ ನಕಲು ಮಾಡಿಕೊಂಡರೆ ಸಾಮಾನ್ಯವಾಗಿ ಸಾಕು. ಪಠ್ಯವನ್ನೇ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳಿರುವ ಕಡೆ ತಪ್ಪು ನುಸುಳಬಹುದಾದ್ದರಿಂದ, ಸರ್ವೆ ನಂಬರು, ಚಕ್ಕುಬಂದಿ ಇರುವ ಕರಾರು ಪತ್ರವನ್ನು ಪರಿವರ್ತಿಸಿದ ಮೇಲೆ ಅಕ್ಷರ ಅಕ್ಷರ ಓದಿಯೇ ಮುದ್ರಿಸಬೇಕು. ಪೇಜ್‌ಮೇಕರ್ 2001ರ ಏಳನೇ ಆವೃತ್ತಿಗೇ ನಿಂತುಹೋದ ತಂತ್ರಾಂಶ. ಯೂನಿಕೋಡ್ ಕನ್ನಡ ಅದಕ್ಕೆ ತಿಳಿಯದು. ಲಗ್ನಪತ್ರಿಕೆಗಳನ್ನು ಇಂದಲ್ಲ ನಾಳೆ ಬೇರೆ ತಂತ್ರಾಂಶಕ್ಕೆ ಸಾಗಿಸಲೇಬೇಕು. ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್ ಎರಡೂ ಉಚಿತ, ವಿಂಡೋಸ್‌ನಲ್ಲಿಯೂ ಲಿನಕ್ಸ್‌ನಲ್ಲಿಯೂ ನಡೆಯುತ್ತವೆ, ಯೂನಿಕೋಡ್ ಕನ್ನಡವನ್ನು ಸರಿಯಾಗಿ ಕೂಡಿಸುತ್ತವೆ. ಲಗ್ನಗಳ ಹಂಗಾಮು ಮುಗಿದ ಮೇಲೆ ಕಲಿಯಲು ಕೂರುವುದು ಒಳ್ಳೆಯದು.

ಪ್ರಿಂಟರ್ ಯಾವುದೆಂದು ನೀವು ಬರೆದಿಲ್ಲ. ಕಚೇರಿ, ಅಂಗಡಿಗಳಲ್ಲಿ ಬಹಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಆಗಿದ್ದರೆ ಒಂದು ಎಚ್ಚರಿಕೆ: ಅದು ಕ್ಯಾಪ್ಟ್ ಎಂಬ ತನ್ನದೇ ಮುದ್ರಣ ಭಾಷೆಯಲ್ಲಿ ಮಾತಾಡುವುದರಿಂದ ಲಿನಕ್ಸ್‌ಗೆ ಜೋಡಿಸುವುದು ತ್ರಾಸದಾಯಕ. ಎಚ್‌ಪಿಯ ಬಹುತೇಕ ಮಾದರಿಗಳಿಗೆ ಮತ್ತು ಎಪ್ಸನ್‌ನ ಇಂಕ್‌ಟ್ಯಾಂಕ್ ಮಾದರಿಗಳಿಗೆ ಈ ಕಷ್ಟ ಕಡಿಮೆ.

ಇಷ್ಟನ್ನೂ ಇಟ್ಟುಕೊಂಡು ನನ್ನ ಸಲಹೆ ಹೀಗಿದೆ. ಲಿನಕ್ಸನ್ನು ಹೊಸ ಯಂತ್ರದಲ್ಲಲ್ಲ, ಹಳೆಯದರಲ್ಲಿ ಹಾಕಿ. ಟ್ಯಾಲಿ ಮತ್ತು ಪೇಜ್‌ಮೇಕರ್ ಇರುವ ತನಕ ಹೊಸ ಯಂತ್ರದಲ್ಲಿ ವಿಂಡೋಸ್ 11 ಇರಲಿ. ಹಳೆಯದಕ್ಕೆ ಎಸ್‌ಎಸ್‌ಡಿ ಹಾಕಿಸುವಾಗ ಹೊರತೆಗೆದ ಹಾರ್ಡ್‌ಡಿಸ್ಕನ್ನು ಅಳಿಸದೆ ಒಂದು ಯುಎಸ್‌ಬಿ ಕೇಸ್‌ನಲ್ಲಿ ಜೋಪಾನ ಮಾಡಿ. ವರ್ಷಗಟ್ಟಲೆಯ ಕಡತಗಳು ಅದರಲ್ಲಿ ಹಾಗೆಯೇ ಇರುತ್ತವೆ, ಬೇಡವೆನಿಸಿದರೆ ಹಿಂದಿರುಗುವ ದಾರಿಯೂ ತೆರೆದಿರುತ್ತದೆ. ಅದಕ್ಕೂ ಮುನ್ನ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡು, ಏನನ್ನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಯಂತ್ರವನ್ನು ಆನ್ ಮಾಡಿ. ವೈಫೈ, ಪ್ರಿಂಟರ್, ಸ್ಕ್ಯಾನರ್, ಕಗಪ ಟೈಪಿಂಗ್ ಎಲ್ಲವನ್ನೂ ಒಂದು ರಜೆಯ ದಿನ ಪರೀಕ್ಷಿಸಿ. ಮಿಂಟ್‌ನ ಮೆನು ವಿಂಡೋಸ್ ಬಳಸಿದವರಿಗೆ ಹೊಸದೆನಿಸುವುದಿಲ್ಲ, ಅದರ 22ನೇ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಆನ್‌ಲೈನ್ ಅರ್ಜಿ, ಉತಾರ, ಹೊಸ ಟೈಪಿಂಗ್ ಎಲ್ಲವೂ ಆ ಯಂತ್ರಕ್ಕೆ ಸರಿದರೆ, ಗಿರಾಕಿಗಳ ಸಾಲು ಎರಡಾಗಿ ಒಡೆದು ನಿಮಗೂ ಹಗುರವಾಗುತ್ತದೆ.

ಇನ್ನು ಹೊಸ ಲ್ಯಾಪ್‌ಟಾಪ್. ರ‍್ಯಾಮ್ 16 ಜಿಬಿ ಇರಲಿ. 8 ಜಿಬಿ ಕೊಳ್ಳುವುದಾದರೆ ಮುಂದೆ ಹೆಚ್ಚಿಸಲು ಸ್ಲಾಟ್ ಇದೆಯೇ, ಇಲ್ಲವೇ ಎಲ್ಲವನ್ನೂ ಬೋರ್ಡಿಗೇ ಬೆಸೆದಿದ್ದಾರೆಯೇ ಎಂದು ಕೇಳಿ. ಸಂಗ್ರಹಕ್ಕೆ 512 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು. ಇಎಂಎಂಸಿ (ನಿಧಾನದ ಸಂಗ್ರಹ) ಎಂದು ಬರೆದಿರುವ ಅಗ್ಗದ ಯಂತ್ರಗಳ ಕಡೆ ನೋಡಲೇಬೇಡಿ. ತೆರೆ ಐಪಿಎಸ್, 1920 × 1080 ಇರಲಿ. ದಿನವಿಡೀ ಅಕ್ಷರ ನೋಡುವವರು ತೆರೆಯಲ್ಲಿ ಜಿಪುಣತನ ಮಾಡಬಾರದು.

ಪ್ರೊಸೆಸರ್ ಹೆಸರುಗಳಲ್ಲಿ ಬಹಳ ಜನ ಮೋಸಹೋಗುತ್ತಾರೆ. ಎಎಂಡಿಯ ರೈಜನ್ 7000 ಸರಣಿಯಲ್ಲಿ ಮೂರನೇ ಅಂಕಿಯನ್ನು ನೋಡಿ: 7520ಯು ಎಂಬುದರಲ್ಲಿರುವುದು ಹಳೆಯ ಝೆನ್ 2 ವಿನ್ಯಾಸ, 7530ಯುದಲ್ಲಿ ಝೆನ್ 3, 7540ಯುದಲ್ಲಿ ಝೆನ್ 4. ಮೂರರ ಮೇಲೂ ‘ರೈಜನ್ 5’ ಎಂಬ ಒಂದೇ ಚೀಟಿ ಇರುತ್ತದೆ. ನಿಮ್ಮ ಕೆಲಸಕ್ಕೆ 7530ಯು ಮಟ್ಟದ್ದು, ಅಥವಾ ಇಂಟೆಲ್‌ನಲ್ಲಿ ಹನ್ನೆರಡನೇ ಪೀಳಿಗೆಯ ಅಥವಾ ನಂತರದ ಐ5 ಧಾರಾಳವಾಗಿ ಸಾಲುತ್ತದೆ. ಗೇಮಿಂಗ್ ಗ್ರಾಫಿಕ್ಸ್‌ಗೆ ಹಣ ಸುರಿಯಬೇಡಿ. ವಿಂಡೋಸ್ ಇಲ್ಲದೆ ಮಾರುವ ಫ್ರೀಡಾಸ್ ಮಾದರಿಗಳು ಅಗ್ಗವಾಗಿ ಕಂಡರೂ, ನಿಮಗೆ ವಿಂಡೋಸ್ ಬೇಕಾಗಿರುವುದರಿಂದ ಅದು ಪರವಾನಗಿ ಸಹಿತ ಬಂದಿರುವುದನ್ನೇ ಕೊಳ್ಳಿ.

ಹಣ ಕೊಡುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ವಾರಂಟಿಯಲ್ಲಿ ದುರಸ್ತಿಗಾರರು ಜಮಖಂಡಿಗೆ ಬರುತ್ತಾರೆಯೇ, ಅಥವಾ ಯಂತ್ರವನ್ನು ನೀವೇ ಬೆಳಗಾವಿಗೋ ಹುಬ್ಬಳ್ಳಿಗೋ ಒಯ್ಯಬೇಕೇ? ಪಿನ್‌ಕೋಡ್ ಹೇಳಿ ಕಂಪನಿಯ ಸಹಾಯವಾಣಿಯಲ್ಲಿಯೇ ಖಚಿತಪಡಿಸಿಕೊಳ್ಳಿ. ಬಹಳಷ್ಟು ಲ್ಯಾಪ್‌ಟಾಪ್‌ಗಳನ್ನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಸುತ್ತಲಿನ ತಾಪಮಾನಕ್ಕೆಂದು ರೂಪಿಸಿರುತ್ತಾರೆ, ನಮ್ಮಲ್ಲಿ ಬೇಸಿಗೆ 40 ದಾಟುತ್ತದೆ. ತಗಡಿನ ಛಾವಣಿಯ ಅಂಗಡಿಯಾದರೆ ಯಂತ್ರವನ್ನು ಗಾಳಿಯಾಡುವ ಜಾಗದಲ್ಲಿಡಿ, ವರ್ಷಕ್ಕೊಮ್ಮೆ ಒಳಗಿನ ಫ್ಯಾನಿನ ಧೂಳು ತೆಗೆಸಿ.

ಪ್ರಶ್ನೆ: ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ವಿಂಡೋಸ್ 11 ಲ್ಯಾಪ್‌ಟಾಪ್ ಇದೆ. ಜಾಹೀರಾತು, ಸೂಚನೆಗಳ ಕಿರಿಕಿರಿಗೆ ರೋಸಿ ಮ್ಯಾಕ್‌ಬುಕ್ ಏರ್ ಕೊಳ್ಳಲೇ, ಇರುವುದರಲ್ಲೇ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿಕೊಳ್ಳಲೇ?

ಉತ್ತರ: ಮ್ಯಾಕ್‌ಬುಕ್ ಏರ್ ಒಳ್ಳೆಯ ಯಂತ್ರ, ಅದರ ಬ್ಯಾಟರಿಯ ಬಾಳಿಕೆ ಮತ್ತು ಫ್ಯಾನಿಲ್ಲದ ಮೌನ ನಿಜಕ್ಕೂ ಮೆಚ್ಚಬೇಕಾದದ್ದು. ಆದರೆ ನಿಮ್ಮ ವಿಷಯದಲ್ಲಿ ಸಾಲಿಡ್‌ವರ್ಕ್ಸ್ ಬೇಕಾಗುತ್ತದೆ, ಅದು ವಿಂಡೋಸ್‌ಗೆ ಮಾತ್ರ ಇದೆ. 2020ರ ಕೊನೆಯಿಂದ ಬಂದ ಆ್ಯಪಲ್‌ನ ಸ್ವಂತ ಚಿಪ್‌ಗಳಿರುವ ಮ್ಯಾಕ್‌ಗಳಲ್ಲಿ, ಹಿಂದಿನಂತೆ ಬೂಟ್‌ಕ್ಯಾಂಪ್ ಮೂಲಕ ವಿಂಡೋಸ್ ಹಾಕಿಕೊಳ್ಳುವ ಅವಕಾಶವೂ ಇಲ್ಲ. ರ‍್ಯಾಮ್ ಮತ್ತು ಸಂಗ್ರಹವನ್ನು ಮುಂದೆ ಹೆಚ್ಚಿಸಲಾಗುವುದಿಲ್ಲ. ಪ್ರಯೋಗಾಲಯದ ಕೆಲಸವನ್ನು ಮನೆಯಲ್ಲಿ ಮುಂದುವರಿಸಲಾಗದ ಯಂತ್ರಕ್ಕೆ ಪಾಲಕರಿಂದ ಇಷ್ಟು ಹಣ ಖರ್ಚು ಮಾಡಿಸಬೇಡಿ.

ಲಿನಕ್ಸ್ ಕಲಿಯುವ ಆಸೆಯಿದ್ದರೆ ವಿಂಡೋಸ್ ಒಳಗೇ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯದ ಮೂಲಕ ಉಬುಂಟು ತೆರೆಯಬಹುದು. ಪೈಥಾನ್, ಸಿ ಅಭ್ಯಾಸಕ್ಕೆ ಅದು ಸಾಕು. ಎರಡನ್ನೂ ಅಕ್ಕಪಕ್ಕ ಇರಿಸಿಕೊಳ್ಳುವುದೇ ಆದರೆ, ಡಿಸ್ಕ್ ಭಾಗ ಮಾಡುವ ಮೊದಲು ಒಂದು ಕೆಲಸ ಮರೆಯಬೇಡಿ. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣ (ಕಡತಗಳಿಗೆ ಬೀಗ ಹಾಕುವ ಬಿಟ್‌ಲಾಕರ್ ವ್ಯವಸ್ಥೆ) ನಿಮಗೆ ಗೊತ್ತಿಲ್ಲದೆಯೇ ಚಾಲೂ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಮುಟ್ಟಿದ ಕೂಡಲೇ ಯಂತ್ರವು 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು, ಅದು ಕೈಯಲ್ಲಿ ಇಲ್ಲದಿದ್ದರೆ ಒಳಗಿನ ಕಡತಗಳು ದಕ್ಕುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ನೋಡಿ ಕಾಗದದ ಮೇಲೆ ಬರೆದುಕೊಳ್ಳಿ, ಪ್ರಾಜೆಕ್ಟ್ ಕಡತಗಳನ್ನು ಹೊರಗಿನ ಡ್ರೈವ್‌ಗೆ ನಕಲು ಮಾಡಿ, ಸೆಮಿಸ್ಟರ್ ಪರೀಕ್ಷೆಗಳು ಮುಗಿದ ಮೇಲೆ ಉಬುಂಟುವಿಗೆ ಕೈಹಾಕಿ. ಜಾಹೀರಾತು ಮತ್ತು ಸೂಚನೆಗಳನ್ನು ಸೆಟ್ಟಿಂಗ್ಸ್‌ನ ನೋಟಿಫಿಕೇಷನ್ಸ್, ಪರ್ಸನಲೈಸೇಷನ್ ಮತ್ತು ಪ್ರೈವಸಿ ವಿಭಾಗಗಳಲ್ಲಿ ಇಂದೇ ಬಹುಮಟ್ಟಿಗೆ ಆಫ್ ಮಾಡಬಹುದು.