ಆದಂಪುರದ ಯುದ್ಧ ಬೇಡ, ತೇಜ್‌ಪುರದ ಮಳೆ ಕೊಡಿ

ಸಾರ್ಜೆಂಟ್ ಸಾಹೇಬರಿಗೆ ನಮಸ್ಕಾರ.

ದೀಪಾವಳಿ ವಿಶೇಷಾಂಕಕ್ಕೆ ನೀವು ಕಳಿಸಿದ ‘ಮರೆಯಲಾಗದ ನೆಲೆಗಳು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಮುಚ್ಚುಮರೆ ಇಲ್ಲದೆ ಹೇಳಿ ಅಂತ ನೀವೇ ಬರೆದಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ.

ನಿಮ್ಮ ಒಪ್ಪಿಗೆಯಂತೆ ಈ ಪತ್ರವನ್ನು ಹೆಸರಿಲ್ಲದೆ ಅಂಕಣದಲ್ಲೂ ಹಾಕುತ್ತಿದ್ದೇವೆ. ಆದ್ದರಿಂದ ಉಳಿದ ಓದುಗರಿಗಾಗಿ ಎರಡು ಮಾತು. ವಾಯುಪಡೆಯಿಂದ ನಿವೃತ್ತರಾದ ನಾಲ್ವರು ಗೆಳೆಯರು ಬೆಳಗಾವಿಯಲ್ಲಿ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಎಲ್ಲರೂ ಅಲ್ಲೇ ಹತ್ತಿರದ ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಯಲ್ಲಿ ಜೊತೆಗಿದ್ದವರು. ಆಮೇಲೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದವರು: ತೇಜ್‌ಪುರ, ಆದಂಪುರ, ಲೇಹ್, ಚಂಡೀಗಢ. ಊಟ ಆದಮೇಲೆ ತಾವಿದ್ದ ಸ್ಟೇಷನ್‌ಗಳ, ಅಂದರೆ ವಾಯುನೆಲೆಗಳ ಮಾತು ಶುರುವಾಗಿ ಬೆಳಗಿನ ಜಾವದವರೆಗೂ ನಡೆಯುತ್ತದೆ. ಲೇಖನ ಅಂದರೆ ಆ ಮಾತುಕತೆ.

ಒಳ್ಳೆಯ ವಿಷಯವೇ. ಆದರೆ ನೀವು ಬರೆದಿರುವ ನಾಲ್ಕೂ ಸ್ಟೇಷನ್‌ಗಳು ಒಂದೇ ಥರ ಇವೆ. ‘ಶಿಸ್ತಿನ ವಾತಾವರಣ’, ‘ಹಚ್ಚಹಸಿರಿನ ಪರಿಸರ’, ‘ಒಡಹುಟ್ಟಿದವರಂಥ ಗೆಳೆಯರು’. ತೇಜ್‌ಪುರ ಅಂತ ಇರುವ ಕಡೆ ಆದಂಪುರ ಅಂತ ಹಾಕಿ ನೋಡಿದೆ. ಒಂದು ಸಾಲೂ ಬದಲಾಯಿಸಬೇಕಾಗಲಿಲ್ಲ. ಅಸ್ಸಾಂ ಎಲ್ಲಿ, ಪಂಜಾಬ್ ಎಲ್ಲಿ! ಗೇಟು, ಬ್ಯಾರಕ್ಕು, ಮೆಸ್ಸು, ಪರೇಡ್ ಮೈದಾನ ಎಲ್ಲಾ ಕಡೆ ಇರುತ್ತವೆ, ಅವುಗಳಿಂದ ಊರಿನ ಗುರುತು ಸಿಗುವುದಿಲ್ಲ. ನೀವು ಅಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಏನು ಕೆಲಸ ಮಾಡಿದಿರಿ, ಆ ಊರಿನ ಮಳೆ, ಚಳಿ, ಗಾಳಿ ಆ ಕೆಲಸವನ್ನು ಹೇಗೆ ಕೆಡಿಸಿತು ಅಂತ ಬರೆದರೆ ಗುರುತು ತಾನಾಗಿ ಸಿಗುತ್ತದೆ. ನನಗೆ ಹೇಳಬೇಕಾಗಿರುವುದು ಹೆಚ್ಚುಕಡಿಮೆ ಇಷ್ಟೇ.

ಇದು ನಿಮಗೆ ಬಾರದ ವಿದ್ಯೆಯೇನಲ್ಲ. ಏಳನೇ ಪುಟದಲ್ಲಿ, ನಿಮಗೇ ಗೊತ್ತಿಲ್ಲದೆ, ಮಾಡಿಬಿಟ್ಟಿದ್ದೀರಿ. ತೇಜ್‌ಪುರದಲ್ಲಿ ಟೈಲ್ ಚೂಟ್, ಅಂದರೆ ಇಳಿಯುವ ವಿಮಾನದ ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಶೂಟ್ ಬಗ್ಗೆ ಎರಡು ಸಾಲು: “ಮಳೆಗಾಲದಲ್ಲಿ ಟೈಲ್ ಚೂಟ್ ಒಣಗಿಸುವುದೇ ದೊಡ್ಡ ತಲೆನೋವು. ಆ ಒದ್ದೆ ಬಟ್ಟೆಯ ವಾಸನೆ ಕೈಗೆ ಹತ್ತಿದರೆ ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ.” ಇಡೀ ಲೇಖನದಲ್ಲಿ ನಾನು ನಿಂತು ಎರಡನೇ ಸಲ ಓದಿದ್ದು ಇದೊಂದನ್ನೇ. ಮುಂದಿನ ಸಾಲಿಗೆ ನೀವು ‘ದೇಶಸೇವೆಯೇ ಈಶಸೇವೆ’ಗೆ ಹಾರಿಬಿಟ್ಟಿರಿ. (ಈ ಮಾತಿಲ್ಲದ ಸೈನಿಕರ ಲೇಖನ ನಮ್ಮ ಕಚೇರಿಗೆ ಬಂದಿದ್ದು ಕಡಿಮೆ. ಮಾತು ತಪ್ಪಲ್ಲ, ಸವೆದುಹೋಗಿದೆ.)

ಆ ಎರಡು ಸಾಲಿನ ಹಿಂದೆ ಏನೆಲ್ಲಾ ಇದೆ ನೋಡಿ. ನೀವು ಪ್ಯಾರಾಶೂಟ್ ಥರದ ಸಾಮಾನು ನೋಡಿಕೊಳ್ಳುವ ಸೇಫ್ಟಿ ಇಕ್ವಿಪ್‌ಮೆಂಟ್ ಸೆಕ್ಷನ್‌ನವರು. ತೇಜ್‌ಪುರದಲ್ಲಿ 1986ರಿಂದ ಹೊಸ ಪೈಲಟ್‌ಗಳಿಗೆ ಮಿಗ್-21 ಯುದ್ಧವಿಮಾನ ಹಾರಿಸುವುದನ್ನು ಕಲಿಸುವ ಘಟಕ ಇತ್ತು. ನೀವು ಹೋಗಿದ್ದು 1988ರಲ್ಲಿ. ಆ ವಿಮಾನ ಗಂಟೆಗೆ ಸುಮಾರು 300 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ. ಬರೀ ಚಕ್ರದ ಬ್ರೇಕ್ ನಂಬಿ ಕೂರುವ ಹಾಗಿಲ್ಲ, ಹಿಂದಿನಿಂದ ಒಂದು ಪ್ಯಾರಾಶೂಟ್ ಬಿಚ್ಚಿಕೊಂಡು ಅದನ್ನು ಹಿಡಿದೆಳೆಯುತ್ತದೆ. ವೇಗ ಇಳಿದಮೇಲೆ ಪೈಲಟ್ ಅದನ್ನು ಬೀಳಿಸಿ ಮುಂದೆ ಹೋಗುತ್ತಾನೆ. ನಿಮ್ಮ ಹುಡುಗರು ಹೋಗಿ ಎತ್ತಿಕೊಂಡು ಬರಬೇಕು. ಒಣಗಿಸಬೇಕು, ಹರಿದಿದೆಯಾ ನೋಡಬೇಕು, ಮಡಿಸಿ ಮತ್ತೆ ವಿಮಾನಕ್ಕೆ ಕಳಿಸಬೇಕು. ಕಲಿಯುವ ಹುಡುಗರು ಇರುವ ಕಡೆ ಹಾರಾಟ ಜಾಸ್ತಿ, ಇಳಿಯುವುದೂ ಜಾಸ್ತಿ. ಮೇಲಿಂದ ಬ್ರಹ್ಮಪುತ್ರದ ಬಯಲಿನ ಮಳೆ. ಏಪ್ರಿಲ್‌ನಲ್ಲೇ ಶುರುವಾದರೆ ಸೆಪ್ಟೆಂಬರ್ ದಾಟಿದರೂ ನಿಲ್ಲದ ಮಳೆ.

ಈಗ ನನಗೆ ಇದೆಲ್ಲಾ ಗೊತ್ತಾಗಬೇಕು. ಅಷ್ಟು ದೊಡ್ಡ ಬಟ್ಟೆಯನ್ನು ಎಲ್ಲಿ ಹರವುತ್ತಿದ್ದಿರಿ? ನೇತು ಹಾಕುತ್ತಿದ್ದಿರಾ? ಒಂದು ಒಣಗುವ ಮೊದಲೇ ಇನ್ನೊಂದು ಬಂದರೆ? ಹುಲ್ಲು, ಕೆಸರು ಅಂಟಿಕೊಂಡು ಬರುತ್ತಿತ್ತಲ್ಲ, ಅದನ್ನು ಕೈಯಲ್ಲೇ ಬಿಡಿಸುತ್ತಿದ್ದಿರಾ? ಚೂಟ್ ಸಿದ್ಧವಿಲ್ಲ ಅಂತ ವಿಮಾನಗಳು ನಿಲ್ಲುವ ಫ್ಲೈಟ್ ಲೈನ್‌ನಿಂದ ಫೋನ್ ಬಂದಾಗ ಬೈಸಿಕೊಳ್ಳುತ್ತಿದ್ದವರು ಯಾರು, ನೀವಾ, ನಿಮ್ಮ ವಾರಂಟ್ ಆಫೀಸರಾ? ಮಡಿಸುವ ಮೇಜು ಎಷ್ಟು ಉದ್ದ? ಮೊದಲ ಸಲ ಒಬ್ಬರೇ ಮಡಿಸಿದ ಚೂಟ್ ಸರಿಯಾಗಿ ಬಿಚ್ಚಿಕೊಳ್ಳುತ್ತದೋ ಇಲ್ಲವೋ ಅಂತ ಹೊರಗೆ ಬಂದು ನೋಡುತ್ತಾ ನಿಂತಿದ್ದಿರಾ? ಇದನ್ನು ಬರೆಯಲು ಕನ್ನಡದಲ್ಲಿ ನಿಮಗಿಂತ ಹಕ್ಕುಳ್ಳವರು ಬಹಳ ಜನ ಸಿಗುವುದಿಲ್ಲ. ಮಿಗ್-21 ಕೂಡ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತಿಯಾಯಿತು. ಪತ್ರಿಕೆಗಳೆಲ್ಲಾ ಅದನ್ನು ಹಾರಿಸಿದವರ ಕಥೆ ಬರೆದವು. ಅದರ ಚೂಟ್ ಒಣಗಿಸಿದವರ ಕಥೆ ನಾನಂತೂ ಓದಿಲ್ಲ.

ಆದಂಪುರಕ್ಕೆ ಬರೋಣ. ಎರಡೂವರೆ ಪುಟ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಬಗ್ಗೆ ಇದೆ. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿಗೆ ಹೋದವರು, ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದವರು, ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಎಲ್ಲಾ ಸರಿ, ಒಂದು ಇಸವಿಯೂ ತಪ್ಪಿಲ್ಲ. ಆದರೆ 1965ರಲ್ಲಿ ನೀವು ಪ್ರೈಮರಿ ಶಾಲೆಯ ಹುಡುಗ. ಆದಂಪುರಕ್ಕೆ ಪೋಸ್ಟಿಂಗ್ ಆಗಿದ್ದು ತೊಂಬತ್ತರ ದಶಕದಲ್ಲಿ. ಕೊಡಗಿನ ಈ ವೀರನ ಕಥೆ ಬೇಕಾದವರಿಗೆ ಬೇರೆ ಕಡೆ ಇನ್ನೂ ವಿವರವಾಗಿ ಸಿಗುತ್ತದೆ. ನಿಮ್ಮ ಲೇಖನದಲ್ಲಿ ಅದು ಬಂದ ಕೂಡಲೇ ನೀವು ಮಾಯವಾಗುತ್ತೀರಿ. ಪುಟ ತುಂಬುವಷ್ಟು ದೊಡ್ಡದು ನಮ್ಮ ಬದುಕಿನಲ್ಲಿ ನಡೆಯಲಿಲ್ಲ ಅನ್ನುವ ಅಳುಕು ನಿಮ್ಮ ಥರದ ಬಹಳ ಜನರಲ್ಲಿ ನೋಡಿದ್ದೇನೆ. ಯುದ್ಧ ನೋಡದೆ ಇಪ್ಪತ್ತು ವರ್ಷ ಸೇವೆ ಮಾಡಿದವರು ಬೇರೆಯವರ ಯುದ್ಧ ತಂದು ತಮ್ಮ ಪುಟ ತುಂಬಿಸುತ್ತಾರೆ. ಬೇಕಾಗಿಲ್ಲ ಸಾಹೇಬ್ರೆ.

ಆದಂಪುರದ 1965 ಬೇಕೇಬೇಕು ಅಂತಿದ್ದರೆ ಇನ್ನೊಂದು ದಾರಿ ಇದೆ. ಸೆಪ್ಟೆಂಬರ್ 6ರ ರಾತ್ರಿ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳನ್ನು ಹಾಳುಮಾಡಲು ಪಾಕಿಸ್ತಾನದ ಪ್ಯಾರಾ ಕಮಾಂಡೋಗಳು ಇಳಿದಿದ್ದರು. ಅವರಲ್ಲಿ ಬಹಳ ಜನರನ್ನು ಹಿಡಿಯಲು ಸುತ್ತಲಿನ ಹಳ್ಳಿಯವರೇ ನೆರವಾದರು. ನೀವು ಅಲ್ಲಿದ್ದಾಗ ಆ ಹಳ್ಳಿಗರಿಗೆ ಐವತ್ತು ಅರವತ್ತು ವಯಸ್ಸು. ಗೇಟ್ ಹೊರಗಿನ ಢಾಬಾದಲ್ಲಿ ಚಹಾ ಕುಡಿಯುತ್ತಿದ್ದೆವು ಅಂತ ಬರೆದಿದ್ದೀರಿ. ಅಲ್ಲಿ ಯಾರಾದರೂ ಆ ರಾತ್ರಿಯ ಮಾತು ಎತ್ತಿದ್ದರಾ? ಎತ್ತಿದ್ದರೆ ಅದು ನಿಮ್ಮದು, ಬರೆಯಿರಿ. ಇಲ್ಲವಾದರೆ ಚಳಿಗಾಲದ ಮಂಜು ಬರೆಯಿರಿ. ರನ್‌ವೇ ಕಾಣದೆ ಹಾರಾಟ ನಿಂತುಹೋದ ಬೆಳಗುಗಳಲ್ಲಿ ಅಷ್ಟು ಜನ ಹುಡುಗರು ಏನು ಮಾಡುತ್ತಿದ್ದಿರಿ?

ನನಗೆ ತುಂಬಾ ಖುಷಿ ಕೊಟ್ಟಿದ್ದು ನಿಮ್ಮ ಮತ್ತು ನಿಮ್ಮ ಒಬ್ಬ ಗೆಳೆಯರ ಜಗಳ. ನೀವಿಬ್ಬರೂ ತೇಜ್‌ಪುರದಲ್ಲಿ ಇದ್ದವರೇ. ಗೆಳೆಯರು ಹೇಳುತ್ತಾರೆ, ಸಿಲ್‌ಘಾಟ್‌ನಲ್ಲಿ ಟ್ರಂಕು, ಹೋಲ್ಡಾಲ್ ಸಮೇತ ಫೆರಿ ಹತ್ತಿ ಬ್ರಹ್ಮಪುತ್ರ ದಾಟಬೇಕಿತ್ತು ಅಂತ. ನೀವು ಹೇಳುತ್ತೀರಿ, ಫೆರಿ ಎಲ್ಲಿತ್ತು, ಬಸ್ಸು ಸೀದಾ ಸೇತುವೆ ಮೇಲೆ ಹೋಗುತ್ತಿತ್ತು ಅಂತ. ಮಾತು ಸ್ವಲ್ಪ ಬಿಸಿಯೂ ಆಗಿದೆ. ಆಮೇಲೆ ನೀವು “ಇರಲಿ, ನೆನಪುಗಳು ಮಸುಕಾಗಿವೆ” ಅಂತ ಬರೆದು ಮುಗಿಸಿಬಿಟ್ಟಿದ್ದೀರಿ. ಯಾರ ನೆನಪೂ ಮಸುಕಾಗಿಲ್ಲ! ಅಲ್ಲಿ ಬ್ರಹ್ಮಪುತ್ರದ ಮೇಲಿನ ಕಲಿಯಾ ಭೊಮೊರಾ ಸೇತುವೆ ಮುಗಿದಿದ್ದು 1987ರಲ್ಲಿ. ಅವರು ಹೋಗಿದ್ದು 1984ರಲ್ಲಿ, ನೀವು ಅದಾಗಿ ನಾಲ್ಕು ವರ್ಷಕ್ಕೆ. ಒಂದೇ ಹೆಸರಿನ ಎರಡು ಬೇರೆ ಊರಿನಲ್ಲಿ ನೀವಿಬ್ಬರೂ ಇದ್ದಿರಿ. ರಜೆ ಮುಗಿಸಿ ಬಂದವನು ಸಂಜೆ ಕೊನೆಯ ಫೆರಿ ತಪ್ಪಿಸಿಕೊಂಡರೆ ಏನು ಗತಿ ಅನ್ನುವುದು ಅವರಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಅವರನ್ನು ಕೂರಿಸಿಕೊಂಡು ಕೇಳಿ. ಆ ಜಗಳವನ್ನು ಪೂರ್ತಿ ಬರೆಯಿರಿ, ಬೈದಿದ್ದೂ ಇರಲಿ. ಹಳೆಯ ಗೆಳೆಯರು ಸೇರಿದಾಗ ಎಲ್ಲರೂ ತಲೆಯಾಡಿಸುತ್ತಾ ಕೂರುವುದು ಭಾಷಣಗಳಲ್ಲಿ ಮಾತ್ರ ಅಲ್ವಾ?

ಲೇಹ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ನಿಮ್ಮ ಗೆಳೆಯರ ಅನುಭವ, ನೀವು ಅಲ್ಲಿರಲಿಲ್ಲ. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಮೊದಲ ಡಕೋಟಾ ವಿಮಾನವನ್ನು ಲೇಹ್‌ನಲ್ಲಿ ಇಳಿಸಿದಾಗ ನಮ್ಮ ಜನರಲ್ ತಿಮ್ಮಯ್ಯನವರು ಅದರಲ್ಲಿದ್ದರು ಅನ್ನುವುದು ಒಂದೇ ಸಾಲಿನಲ್ಲಿ ಸಾಕು. ಮಧ್ಯಾಹ್ನ ಗಾಳಿ ಎದ್ದರೆ ವಿಮಾನ ಇಳಿಯುವುದು ಕಷ್ಟ, ಹಾಗಾಗಿ ಚಂಡೀಗಢದಿಂದ ಬರುವ ಎಎನ್-32, ಐಎಲ್-76 ಸರಕು ವಿಮಾನಗಳನ್ನು ಬೆಳಗ್ಗೆಯೇ ಖಾಲಿ ಮಾಡಿ ಕಳಿಸಬೇಕು ಅಂತ ನಿಮ್ಮ ಗೆಳೆಯರು ಹೇಳಿದ್ದು ಚೆನ್ನಾಗಿದೆ. ತರಕಾರಿ, ಟಪಾಲು, ರಜೆ ಮೇಲೆ ಹೋಗುವವರು, ಎಲ್ಲದಕ್ಕೂ ಬೆಳಗಿನ ಆ ಕೆಲವೇ ಗಂಟೆಗಳು ಗತಿ. ಉಳಿದಿದ್ದು ತೆಗೆದುಬಿಡಿ. ಹಿಮಾಲಯದ ಸೌಂದರ್ಯದ ಪ್ಯಾರಾ ಅಂತೂ ಬೇಡವೇ ಬೇಡ.

ಎರಡು ಕಡೆ ಕೆಂಪು ಗೆರೆ ಎಳೆದಿದ್ದೇನೆ. ಬಾಂಬ್ ಡಂಪ್ (ಬಾಂಬ್ ಇಡುವ ಜಾಗ) ಯಾವ ದಿಕ್ಕಿಗೆ, ರನ್‌ವೇಯಿಂದ ಎಷ್ಟು ದೂರ ಅಂತ ವಿವರಿಸಿದ ಪ್ಯಾರಾ ಹೋಗಬೇಕು. ಮೂವತ್ತು ವರ್ಷ ಹಳೆಯದು ಅಂತ ನೀವು ಅನ್ನಬಹುದು, ಆದರೆ ನೆಲೆ ಇನ್ನೂ ಅಲ್ಲೇ ಇದೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯೂ ಇದೆ. ನಾವಿಬ್ಬರೂ ಸುಮ್ನೆ ತೊಂದರೆಗೆ ಬೀಳುವುದು ಬೇಡ.

ಎರಡನೆಯದು ಆ ಅಪಘಾತ. ಸತ್ತ ಪೈಲಟ್‌ನ ಹೆಸರು, ಅವರ ಊರು, ಹೆಂಡತಿ ಗೇಟಿನ ಹತ್ತಿರ ಬಂದು ನಿಂತಿದ್ದು, ಎಲ್ಲಾ ಬರೆದಿದ್ದೀರಿ. ಮನೆಯವರು ಇವತ್ತೂ ಇರಬಹುದು, ಓದಬಹುದು. ಹೆಸರು, ಊರು ತೆಗೆಯಿರಿ. ಆ ಮಾತು ಬಂದಾಗ ನಾಲ್ವರೂ ಸುಮ್ಮನಾದಿರಿ ಅಂತ ಬರೆದು, ತಕ್ಷಣ ವೀರಮರಣದ ಬಗ್ಗೆ ಅರ್ಧ ಪುಟ ಸೇರಿಸಿದ್ದೀರಿ. ಆ ಅರ್ಧ ಪುಟವೂ ಹೋಗಲಿ. ಸುಮ್ಮನಾದಿರಿ ಅಂದಮೇಲೆ ಅಲ್ಲಿಗೆ ಬಿಡಿ. ಮುಂದೆ ಮಾತು ಯಾರು ಶುರು ಮಾಡಿದರು, ಯಾವ ವಿಷಯಕ್ಕೆ ಹೊರಳಿದರು ಅಂತ ನೆನಪಿದ್ದರೆ ಅದನ್ನು ಬರೆಯಿರಿ.

ಇನ್ನೊಂದು ವಿಷಯ ನೀವು ಮುಟ್ಟಿ ಬಿಟ್ಟಿದ್ದೀರಿ. ನಿಮ್ಮ ಅವ್ವ ಪಕ್ಕದ ಮನೆ ಹುಡುಗಿಯಿಂದ ಇನ್‌ಲ್ಯಾಂಡ್ ಲೆಟರ್ ಬರೆಸುತ್ತಿದ್ದರು. ವಿಳಾಸದಲ್ಲಿ ಊರ ಹೆಸರೇ ಇರುತ್ತಿರಲಿಲ್ಲ, ಘಟಕದ ಹೆಸರು ಬರೆದು ಕೆಳಗೆ ‘99 ಎ.ಪಿ.ಒ.’ ಅಷ್ಟೇ, ಅಂದರೆ ಸೇನೆಯ ಅಂಚೆ ಕಚೇರಿಯ ನಂಬರ್. ಮಗ ಎಲ್ಲಿದ್ದಾನೆ ಅಂತ ಯಾರಾದರೂ ಕೇಳಿದರೆ “ತೊಂಬತ್ತೊಂಬತ್ತರಾಗ ಅದಾನ” ಅನ್ನುತ್ತಿದ್ದರಂತೆ. ನೀವು ಇದನ್ನು ನಗುವಿಗೆ ಅಂತ ಆವರಣದಲ್ಲಿ ಹಾಕಿದ್ದೀರಿ. ಆವರಣ ತೆಗೆದು ಒಂದು ಪುಟ ಕೊಡಿ. ಮನೆಯವರ ಮನಸ್ಸಿನಲ್ಲಿ ಆ ಸ್ಟೇಷನ್ ಹೇಗಿತ್ತು, ರಜೆಗೆ ಬಂದಾಗ ಏನು ಕೇಳುತ್ತಿದ್ದರು, ನೀವು ಏನು ಹೇಳುತ್ತಿದ್ದಿರಿ, ಏನು ಹೇಳುತ್ತಿರಲಿಲ್ಲ?

ನಾಲ್ಕು ಸಾವಿರ ಪದ ಜಾಸ್ತಿಯಾಯಿತು. ಎರಡು ಸಾವಿರದೊಳಗೆ ಇರಲಿ. ತೇಜ್‌ಪುರಕ್ಕೆ ಅರ್ಧಕ್ಕಿಂತ ಹೆಚ್ಚು ಕೊಡಿ, ಉಳಿದವು ಮಾತಿನ ನಡುವೆ ಬಂದು ಹೋಗಲಿ. ತಲೆಬರಹ ಆಮೇಲೆ ನೋಡೋಣ. ಫೋಟೋಗಳಲ್ಲಿ ವಿಮಾನದ ಮುಂದೆ ಎದೆಯುಬ್ಬಿಸಿ ನಿಂತಿದ್ದು ಬೇಡ, ಸೆಕ್ಷನ್‌ನ ಹುಡುಗರೆಲ್ಲಾ ಚಹಾದ ಮಗ್ ಹಿಡಿದು ಕೂತ ಚಿತ್ರ ಇದೆಯಲ್ಲ, ಅದನ್ನು ಹಾಕೋಣ. ಅದರಲ್ಲಿರುವವರನ್ನು ಒಂದು ಮಾತು ಕೇಳಿಬಿಡಿ. ಗಣೇಶನ ಹಬ್ಬದೊಳಗೆ ಕೈಸೇರಿದರೆ ಸಾಕು. ಟೈಪ್ ಮಾಡಿಸುವ ಖರ್ಚು ಬೇಡ, ನಿಮ್ಮ ಅಕ್ಷರ ಚೆನ್ನಾಗಿದೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಪುಟಗಳಿಗೆ ನಂಬರ್ ಹಾಕಿ ಕಳಿಸಿ. ಈ ಸಲ ಐದು ಮತ್ತು ಆರನೇ ಪುಟ ಅದಲುಬದಲಾಗಿ, ಲೇಹ್‌ನಲ್ಲಿ ಕಬ್ಬು ಬೆಳೆದುಬಿಟ್ಟಿತ್ತು.

ಇಂತಿ,
ಸಂಪಾದಕ