ನಿಮ್ಮ ‘ಹೆಲ್ಸಿಂಗ್’ ಲೇಖನ ಓದಿದೆ

ನಮಸ್ಕಾರ.

‘ಹೆಲ್ಸಿಂಗ್’ ಎಂಬ ಜಪಾನಿ ಅನಿಮೆ (ಅನಿಮೇಷನ್) ಸರಣಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ‘ಸ್ಥಳಾಭಾವದಿಂದ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನಡುವೆ ಒಂದು ಕಡೆ, ಅದರ ನಾಯಕನಾದ ರಕ್ತಪಿಶಾಚಿಯ ಬಗ್ಗೆ ನೀವು ಹೀಗೆ ಬರೆದಿದ್ದೀರಿ: “ಅಲುಕಾರ್ಡ್ ಬಾಗಿಲು ತೆರೆದು ಬರುವವನಲ್ಲ, ಅವನು ಬಂದ ಕಡೆ ಗೋಡೆಯೇ ದಾರಿ ಬಿಡುತ್ತದೆ.” ಇಂಥ ವಾಕ್ಯ ಬರೆಯಬಲ್ಲವರು ಉಳಿದ ನಾಲ್ಕು ಪುಟವನ್ನು ಹಾಗೇಕೆ ಬರೆದರು ಎಂಬ ಸಿಟ್ಟಿನಲ್ಲಿ ಈ ಉದ್ದದ ಉತ್ತರ.

ಮೊದಲು ತಪ್ಪಿನ ಮಾತು ಮುಗಿಸೋಣ. ಲೇಖನ 2001ರ ಟಿವಿ ಸರಣಿಯ ಬಗ್ಗೆ ಎಂದು ಮೊದಲ ಸಾಲಿನಲ್ಲೇ ಹೇಳಿದ್ದೀರಿ. ಗೊಂಜೊ ಸ್ಟುಡಿಯೊ ಮಾಡಿದ 13 ಕಂತುಗಳದು. ಮೂರನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಮೇಜರ್ ಎಂಬ ಖಳನ ಯುದ್ಧಭಾಷಣವನ್ನು ಹಾಡಿ ಹೊಗಳುತ್ತಿದ್ದೀರಿ. ಆ ಸರಣಿಯಲ್ಲಿ ಮೇಜರ್ ಇಲ್ಲವೇ ಇಲ್ಲ. ಅವನೂ ಅವನ ನಾಜಿ ಪಡೆಯೂ ಬರುವುದು 2006ರಿಂದ 2012ರವರೆಗೆ ಹತ್ತು ಭಾಗಗಳಾಗಿ ಬಿಡುಗಡೆಯಾದ ‘ಹೆಲ್ಸಿಂಗ್ ಅಲ್ಟಿಮೇಟ್’ನಲ್ಲಿ. ನೀವು ಎರಡನ್ನೂ ನೋಡಿದ್ದೀರಿ, ನೆನಪಿನಲ್ಲಿ ಎರಡನ್ನೂ ಕಲಸಿಕೊಂಡಿದ್ದೀರಿ. ನಮ್ಮ ಓದುಗರಲ್ಲಿ ಇವನ್ನು ನಿಮಗಿಂತ ಹೆಚ್ಚು ಸಲ ನೋಡಿದವರಿದ್ದಾರೆ. ಆ ಸಾಲು ಸಿಕ್ಕ ಕೂಡಲೇ ಅವರು ನಿಮ್ಮನ್ನು ನಂಬುವುದು ಬಿಡುತ್ತಾರೆ, ಮುಂದಿನ ಒಳ್ಳೆಯ ಮಾತೂ ದಂಡ.

ಇದು ಬರೀ ಮಾಹಿತಿಯ ತಪ್ಪಾಗಿದ್ದರೆ ನಾನೇ ತಿದ್ದಿಬಿಡುತ್ತಿದ್ದೆ. ಆದರೆ ಸರಣಿಯ ದೊಡ್ಡ ದೌರ್ಬಲ್ಯಕ್ಕೆ ಕಾರಣ ಅಲ್ಲೇ ಇದೆ. ಕೌಟಾ ಹಿರಾನೊ ಅವರ ಮೂಲ ಮಾಂಗಾ (ಜಪಾನಿ ಚಿತ್ರಕಥೆ) 1997ರಲ್ಲಿ ಶುರುವಾಗಿ 2008ರವರೆಗೆ ನಡೆಯಿತು. ಟಿವಿಯವರು ಕೈ ಹಾಕಿದಾಗ ಕಥೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಇದ್ದಷ್ಟನ್ನು ಬಳಸಿಕೊಂಡು ಉಳಿದದ್ದನ್ನು ಅವರೇ ಹೆಣೆದರು. ಕೊನೆಯ ಖಳ ಇನ್‌ಕಾಗ್ನಿಟೋ ಹುಟ್ಟಿದ್ದು ಹಾಗೆ. ನೀವು “ವಿಲನ್ ಯಾಕೋ ವೀಕ್ ಅನ್ನಿಸಿತು” ಎಂದು ನಿಲ್ಲಿಸಿದ್ದೀರಿ. ಯಾಕೆ ಎನ್ನುವುದೇ ನಿಮ್ಮ ಕೆಲಸವಲ್ಲವೇ? ಅವನಿಗೆ ಹಿಂದಿನ ಬದುಕಿಲ್ಲ, ಬೇಕು ಅನ್ನುವಂಥದ್ದೇನೂ ಇಲ್ಲ, ನಾಯಕನ ಜೊತೆ ಹಳೆಯ ಲೆಕ್ಕವಿಲ್ಲ. ಆಫ್ರಿಕಾದಿಂದ ಬಂದವನು, ಮೈತುಂಬ ವಿಚಿತ್ರ ಗುರುತು, ಬಾಯಲ್ಲಿ ಮಂತ್ರ. ದೂರದವನು, ಆದ್ದರಿಂದ ಭಯಂಕರ ಎಂಬ ಹಳಸಲು ಲೆಕ್ಕಾಚಾರ. ನೋಡುವಾಗ ನಿಮಗೆ ಕಸಿವಿಸಿಯಾಗಲಿಲ್ಲವೇ? ಆಗಿದ್ದರೆ ಬರೆಯಿರಿ.

ಇನ್ನು ನಿಮ್ಮ ಎರಡು ಪಟ್ಟಿ. ‘ಪ್ಲಸ್ ಪಾಯಿಂಟ್’ ಏಳು, ‘ಮೈನಸ್ ಪಾಯಿಂಟ್’ ಐದು. ಪ್ಲಸ್‌ನಲ್ಲಿ ಮೊದಲನೆಯದು “ಅಲುಕಾರ್ಡ್‌ನನ್ನು ಯಾರೂ ಸೋಲಿಸಲಾರರು”. ಮೈನಸ್‌ನಲ್ಲಿ ನಾಲ್ಕನೆಯದು “ಫೈಟ್‌ಗಳಲ್ಲಿ ಟೆನ್ಷನ್ ಇಲ್ಲ”. ಒಂದೇ ಮಾತನ್ನು ಎರಡು ಡಬ್ಬಿಗೆ ಹಾಕಿದ್ದೀರಿ. ಹಾರಿದ ತಲೆ ಮತ್ತೆ ಕೂಡಿಕೊಳ್ಳುತ್ತದೆ ಎಂದು ಗೊತ್ತಾದ ಮೇಲೆ ಅವನ ಮೇಲೆ ಎಷ್ಟು ಗುಂಡು ಹಾರಿದರೇನು? ಅವನ ಆಕರ್ಷಣೆಯೂ ಅದೇ, ಸರಣಿಯನ್ನು ತಿನ್ನುವ ಗೆದ್ದಲೂ ಅದೇ. ಲೇಖನ ಇರುವುದು ಈ ಜಾಗದಲ್ಲಿ. ಪಟ್ಟಿ ಹರಿದುಹಾಕಿ.

ರಕ್ತಪಿಶಾಚಿಗಳಾದ ವ್ಯಾಲಂಟೈನ್ ಸಹೋದರರು, ಪಿಶಾಚಿಗಳನ್ನು ಬೇಟೆಯಾಡುವ ಹೆಲ್ಸಿಂಗ್ ಸಂಸ್ಥೆಯ ಬಂಗಲೆಗೆ ನುಗ್ಗುವ ಐದು ಮತ್ತು ಆರನೇ ಕಂತುಗಳಿಗೆ “ಸಖತ್ ಆಕ್ಷನ್” ಎಂಬ ಎರಡೇ ಪದ ಕೊಟ್ಟಿದ್ದೀರಿ. ಅಲ್ಲಿ ಎರಡು ದಿಗಿಲುಗಳಿವೆ. ನೆಲಮಾಳಿಗೆಯಲ್ಲಿ ಸಹೋದರರಲ್ಲೊಬ್ಬನಾದ ಲ್ಯೂಕ್ ತಾನೂ ಸಮಬಲದವನೆಂಬ ಠೀವಿಯಲ್ಲಿ ಅಲುಕಾರ್ಡ್‌ನನ್ನು ಎದುರಿಸುತ್ತಾನೆ. ಎದುರಿನ ಆಕೃತಿ ಕರಗಿ ಕಪ್ಪಾಗಿ, ಮೈಯೆಲ್ಲ ಕಣ್ಣಾಗಿ, ನಾಯಿಯಾಗಿ ಬಾಯಿ ತೆರೆದಾಗ ಠೀವಿ ಇಳಿಯುತ್ತದೆ. ಇಲ್ಲಿ ಹೆದರುವವನು ಖಳ. ನಮಗೆ ನಡುಕ ತಾಕುವುದು ಅವನ ಕಣ್ಣಿನ ಮೂಲಕ. ಈ ತಂತ್ರ ಒಂದು ಸಲ ಅದ್ಭುತ, ಮೂರನೇ ಸಲಕ್ಕೆ ಬೇಸರ. ಅದೇ ಹೊತ್ತಿನಲ್ಲಿ ಮೇಲ್ಮಹಡಿಯಲ್ಲಿ ಸಂಸ್ಥೆಯ ಸತ್ತ ಸೈನಿಕರೇ ಗೂಲ್‌ಗಳಾಗಿ (ನಡೆದಾಡುವ ಹೆಣಗಳಾಗಿ) ಎದ್ದು, ನಿನ್ನೆ ಜೊತೆಗಿದ್ದವರ ಮೇಲೆ ಬೀಳುತ್ತಾರೆ. ಅವರನ್ನು ಸಂಸ್ಥೆಯ ಹುಡುಗಿ ಸೆರಾಸ್‌ಳೇ ಕೊಲ್ಲಬೇಕಾಗುತ್ತದೆ. ಇದು ಬೇರೆ ಜಾತಿಯ ಭಯ, ಇದು ಸವೆಯುವುದಿಲ್ಲ.

ಸೆರಾಸ್ ವಿಕ್ಟೋರಿಯಾಳನ್ನು ನೀವು “ಕಾಮಿಡಿಗೆ ಇರುವ ಹುಡುಗಿ” ಎಂದದ್ದು ನನಗೆ ಒಪ್ಪಿಗೆಯಿಲ್ಲ. ಪೊಲೀಸ್ ಕೆಲಸದ ಹುಡುಗಿ. ರಕ್ತಪಿಶಾಚಿಯ ಕೈಯಲ್ಲಿ ಒತ್ತೆಯಾಳು. ಅವಳ ಎದೆಯ ಮೂಲಕವೇ ಗುಂಡು ಹೊಡೆದು ಹಿಂದಿದ್ದವನನ್ನು ಅಲುಕಾರ್ಡ್ ಕೊಲ್ಲುತ್ತಾನೆ. ಸಾಯುವವಳನ್ನು ತನ್ನ ಜಾತಿಗೆ ಸೇರಿಸಿಕೊಳ್ಳುತ್ತಾನೆ. ಆಮೇಲೆ ಅವಳು ಮುಂದಿಟ್ಟ ರಕ್ತವನ್ನು ಕುಡಿಯಲು ಒಪ್ಪುವುದಿಲ್ಲ. ಸೋಲೇ ಇಲ್ಲದವನ ಕಥೆಯಲ್ಲಿ ಸೋಲಬಲ್ಲವಳು ಇವಳೊಬ್ಬಳೇ. ಕೊನೆಯ ಕಂತುಗಳು ಸಪ್ಪೆಯಾಗುವುದಕ್ಕೆ ಇನ್‌ಕಾಗ್ನಿಟೋ ಎಷ್ಟು ಕಾರಣವೋ, ಇವಳನ್ನು ಮೂಲೆಗೆ ಸರಿಸಿದ್ದೂ ಅಷ್ಟೇ ಕಾರಣ ಎಂದು ನನ್ನ ಅಭಿಪ್ರಾಯ. ನಿಮಗೆ ಬೇರೆ ಅನ್ನಿಸಿದರೆ ಜಗಳಾಡಿ, ಆದರೆ ಲೇಖನದಲ್ಲಿ.

ಸಂಸ್ಥೆ ನಡೆಸುವ ಹೆಲ್ಸಿಂಗ್ ಮನೆತನದ ಇಂಟೆಗ್ರಾಳಿಗೂ ಅನ್ಯಾಯವಾಗಿದೆ. “ಯಾವಾಗಲೂ ಸಿಗಾರ್ ಸೇದುವ ಕೋಪಿಷ್ಠ ಬಾಸ್” ಅಷ್ಟೇನಾ? ಅಧಿಕಾರಕ್ಕಾಗಿ ಸ್ವಂತ ಚಿಕ್ಕಪ್ಪನೇ ಕೊಲ್ಲಲು ಬಂದಾಗ ಆ ಬಾಲಕಿಯ ರಕ್ತ ಬಿದ್ದು ಎದ್ದವನು ಅಲುಕಾರ್ಡ್. ಅಂದಿನಿಂದ ಅವನು ಅವಳ ಆಳು. ಅನಿಮೆ ಎಂದರೇನೆಂದೇ ಗೊತ್ತಿಲ್ಲದ ಓದುಗರಿಗೂ ಇದನ್ನು ಒಂದೇ ಮಾತಿನಲ್ಲಿ ದಾಟಿಸಬಹುದು: ಭೂತವನ್ನು ಕಟ್ಟಿಹಾಕಿ ಚಾಕರಿ ಮಾಡಿಸಿಕೊಳ್ಳುವ ಮನೆತನ. ಹಗ್ಗ ಬಿಚ್ಚಿದರೆ ಏನು ಗತಿ ಎಂದು ನಮ್ಮ ಕಡೆ ಅಜ್ಜಿಯರು ಕೂಡ ಕೇಳುತ್ತಾರೆ. ನೀವು ಕೇಳಿಲ್ಲ.

ಸಣ್ಣಪುಟ್ಟವು. “ಅಲುಕಾರ್ಡ್ ಎಂಬುದನ್ನು ತಿರುಗಿಸಿ ಓದಿದರೆ ಡ್ರಾಕುಲಾ” ಎಂದಿದ್ದೀರಿ. ಕನ್ನಡದಲ್ಲಿ ತಿರುಗಿಸಿ ಓದಲು ನೋಡಿದೆ, ನಾಲಿಗೆ ಹೊರಳಲಿಲ್ಲ. ರೋಮನ್ ಅಕ್ಷರಗಳಲ್ಲಿ ಎಂದು ಸೇರಿಸಿ. “ಮೈ ಜುಮ್ಮೆನ್ನಿಸುವ” ನಾಲ್ಕು ಸಲ ಬಂದಿದೆ, ನನಗೆ ಒಮ್ಮೆಯೂ ಜುಮ್ಮೆನ್ನಲಿಲ್ಲ. “ಮ್ಯೂಸಿಕ್ ನೆಕ್ಸ್ಟ್ ಲೆವೆಲ್” ಎಂದರೆ ಕಿವಿಗೆ ಏನೂ ಕೇಳಿಸುವುದಿಲ್ಲ. ಸಂಗೀತ ಕೊಟ್ಟ ಯಸುಶಿ ಇಶಿಯ ಗಿಟಾರು ಕಥೆ ನಡೆಯುವ ಈ ಮಂಕು ಲಂಡನ್ನಿಗೆ ಹೊಂದುತ್ತದೋ ಇಲ್ಲವೋ, ಅಷ್ಟಾದರೂ ಹೇಳಿ. ಚಿತ್ರಗಳ ಗುಣಮಟ್ಟ ಕಂತಿನಿಂದ ಕಂತಿಗೆ ಏರಿಳಿಯುತ್ತದೆ ಎಂದದ್ದು ಸರಿ, ಇರಲಿ. ಒಂದೂವರೆ ಪುಟದ ಕಥಾಸಾರ ಮಾತ್ರ ಪೂರ್ತಿ ಹೋಗಬೇಕು.

‘ಅಲ್ಟಿಮೇಟ್’ ಬಗ್ಗೆ ಬರೆಯಲೇಬೇಕೆಂದರೆ ಅದು ಇನ್ನೊಂದು ಲೇಖನ. ಅದರ ತೊಂದರೆಗಳೇ ಬೇರೆ. ಹೆಣದ ರಾಶಿಯ ನಡುವೆ ಪಾತ್ರಗಳು ಇದ್ದಕ್ಕಿದ್ದಂತೆ ಪುಟಾಣಿ ಗೊಂಬೆಗಳಾಗಿ ಕುಣಿಯುತ್ತವೆ. ಯುದ್ಧವನ್ನು ಗೇಲಿ ಮಾಡುತ್ತಿದೆಯೋ ಸವಿಯುತ್ತಿದೆಯೋ ತಿಳಿಯುವುದಿಲ್ಲ. ನಿಮಗಿಷ್ಟವಾದ ಆ ಭಾಷಣದ ಬಗ್ಗೆಯೂ ನನಗೆ ಅದೇ ಗುಮಾನಿ.

ತಿದ್ದಿದ ಗುರುತುಗಳೊಂದಿಗೆ ಫೈಲ್ ವಾಪಸ್ ಕಳಿಸಿದ್ದೇನೆ. ಸಾವಿರ ಪದ ಮೀರಬೇಡಿ, ತಿಂಗಳೊಳಗೆ ಕಳಿಸಿ. ಕೂರುವ ಮೊದಲು ಆರನೇ ಕಂತು ಇನ್ನೊಮ್ಮೆ ಹಾಕಿ. ಈ ಸಲ ಅಲುಕಾರ್ಡ್‌ನನ್ನು ಬಿಟ್ಟು ಲ್ಯೂಕ್‌ನ ಮುಖ ನೋಡಿ.

ಇಂತಿ,
ಸಂಪಾದಕ