4 ಟಿಬಿ ಡಿಸ್ಕಿಗೆ ಫೈಲ್‌ಕಾಯಿನ್ ಸರಿಹೋಗುವುದಿಲ್ಲ

ನಮಸ್ಕಾರ. ಮನೆಯಲ್ಲಿ ಖಾಲಿ ಬಿದ್ದಿರುವ 4 ಟಿಬಿ ಹಾರ್ಡ್ ಡಿಸ್ಕಿನಿಂದ ಫೈಲ್‌ಕಾಯಿನ್ ಗಳಿಸಬಹುದಾ ಎಂದು ಕೇಳಿದ್ದೀರಿ. ಆಗುವುದಿಲ್ಲ. ಫೈಲ್‌ಕಾಯಿನ್ ಅಂದರೆ ಬೇರೆಯವರ ಡೇಟಾ ಇಡಲು ಡಿಸ್ಕಿನ ಜಾಗ ಕೊಟ್ಟವರಿಗೆ ಅದೇ ಹೆಸರಿನ ಕ್ರಿಪ್ಟೋ ಕಾಯಿನ್ ಕೊಡುವ ಜಾಲ. ಅಲ್ಲಿ ಬ್ಲಾಕ್ ಬಹುಮಾನ (ಜಾಲವೇ ಹೊಸದಾಗಿ ಹಂಚುವ ಕಾಯಿನ್) ಸಿಗಬೇಕಾದರೆ ಕನಿಷ್ಠ 10 ಟಿಬಿ ಜಾಗ ಕೊಡಬೇಕು. ಡೇಟಾವನ್ನು 32 ಅಥವಾ 64 ಜಿಬಿಯ ಸೆಕ್ಟರ್‌ಗಳಾಗಿ (ತುಂಡುಗಳಾಗಿ) ಸೀಲ್ ಮಾಡುವುದಕ್ಕೇ, ಅಂದರೆ ಆಮೇಲೆ ಪುರಾವೆ ಕೊಡಲು ಆಗುವಂಥ ರೂಪಕ್ಕೆ ಬದಲಿಸುವುದಕ್ಕೇ, ದೊಡ್ಡ ರ‍್ಯಾಮ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಜೊತೆಗೆ ಫೈಲ್‌ಕಾಯಿನ್ ಅನ್ನೇ ಅಡವಿಡಬೇಕು. ಡೇಟಾ ಇನ್ನೂ ನಿಮ್ಮ ಹತ್ತಿರ ಇದೆ ಎಂಬ ಪುರಾವೆಯನ್ನು ದಿನಾ ಕೊಡಬೇಕು, ತಪ್ಪಿದರೆ ದಂಡ. ಇದು ಡೇಟಾ ಸೆಂಟರ್ ಇಟ್ಟವರ ಕೆಲಸ.

ನಿಮಗೆ ಸ್ಟೋರ್ಜ್ (Storj) ಹೊಂದುತ್ತದೆ. ಅದೂ ಡಿಸ್ಕಿನ ಜಾಗಕ್ಕೆ ತನ್ನದೇ ಕಾಯಿನ್ ಕೊಡುವ ಇನ್ನೊಂದು ಜಾಲ. ಸಾಧಾರಣ ಕಂಪ್ಯೂಟರ್ ಸಾಕು, ಅಡವಿಡುವುದೂ ಬೇಡ. ಆದರೆ ಒಂದು ಮಾತು: ಖಾಲಿ ಜಾಗಕ್ಕೆ ದುಡ್ಡು ಬರುವುದಿಲ್ಲ, ಗ್ರಾಹಕರ ಡೇಟಾ ತುಂಬಿದಷ್ಟಕ್ಕೆ ಮಾತ್ರ. ತುಂಬುವುದು ನಿಧಾನ. ಮೊದಲ ಮೂರು ತಿಂಗಳು ಗಳಿಕೆಯ ಮುಕ್ಕಾಲು ಭಾಗವನ್ನು ಸ್ಟೋರ್ಜ್‌ನವರೇ ಹಿಡಿದಿಟ್ಟುಕೊಳ್ಳುತ್ತಾರೆ, ನೀವು ನಡುವೆ ಬಿಟ್ಟು ಹೋಗಬಾರದು ಅಂತ. ಕಂಪ್ಯೂಟರ್ ಹಗಲೂ ರಾತ್ರಿ ಆನ್ ಇರಬೇಕು. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಬೇಕೇ ಬೇಕು.

ದಯವಿಟ್ಟು ಇದಕ್ಕೆಂದೇ ಹೊಸ ಡಿಸ್ಕ್ ಕೊಳ್ಳಬೇಡಿ. ಕಾಯಿನ್ ಮಾರಿದಾಗ ಬರುವ ಲಾಭಕ್ಕೆ ನಮ್ಮಲ್ಲಿ 2022ರಿಂದ ಶೇ. 30 ತೆರಿಗೆ ಇದೆ, ಕರೆಂಟ್ ಬಿಲ್ ಅದರಲ್ಲಿ ಕಳೆಯಲು ಬಿಡುವುದಿಲ್ಲ.